ಹಾಳೆ ತೂರುವಷ್ಟು ಗಾಳಿ

ಹೋದ ತಿಂಗಳು ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರದ ಮಾಸ್ತರರಿಗೆ ಶ್ರದ್ಧಾಂಜಲಿ ಸಲ್ಲಿಸುವ ಸಭೆ ನಡೆಯಿತು. ಇಪ್ಪತ್ತೆಂಟು ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕೂತ ಕನ್ನಡ ಅಧ್ಯಾಪಕನೆಂಬ ಕಾರಣಕ್ಕೆ ನನಗೆ ಐದು ನಿಮಿಷ ಕೊಟ್ಟಿದ್ದರು. ಸರಳ ಜೀವಿ, ಉದಾರಿ, ಅಜಾತಶತ್ರು ಎಂದು ಮೂರು ಮಾತು ಹೇಳಿ ಎರಡು ನಿಮಿಷದಲ್ಲಿ ಕೂತೆ. ಮೂರೂ ಸುಳ್ಳು. ಅವರು ಸರಳರಾಗಿರಲಿಲ್ಲ, ಅಂಗಿಯ ಜೇಬಿನಲ್ಲಿ ಅಯಸ್ಕಾಂತದ ಚೂರು, ದಾರದ ಉಂಡೆ, ಕಾಲು ಹಾಳೆ ಕಾಗದ ಇಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲ. ಅಂಕ ಕೊಡುವುದರಲ್ಲಿ ಕಡುಜಿಪುಣ. ಅಜಾತಶತ್ರುವಂತೂ ಅಲ್ಲವೇ ಅಲ್ಲ. ಅವರಿಗೊಬ್ಬ ಬದ್ಧವೈರಿ ಇದ್ದ, ಅವನ ಹೆಸರು ಘರ್ಷಣೆ. ಲೋಕದಲ್ಲಿ ಒಂದು ವಸ್ತು ಇನ್ನೊಂದನ್ನು ಉಜ್ಜಿಕೊಂಡು ಸಾಗುವುದನ್ನು ಅವರು ಸ್ವಂತಕ್ಕಾದ ಅವಮಾನ ಎಂಬಂತೆ ನೋಡುತ್ತಿದ್ದರು.

ಸಭೆಯಲ್ಲಿ ಹೇಳದೆ ಉಳಿಸಿಕೊಂಡದ್ದು ಇನ್ನೂ ಒಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಅವರು ಬರಲಿ.

ನಾವಿಬ್ಬರೂ ದಿನಾ ಕಾಲೇಜಿಗೆಂದು ಇಳಕಲ್ಲಿಗೆ ಬರುವ ಬಸ್ಸಿನಲ್ಲಿ ಡ್ರೈವರು ಬ್ರೇಕು ಹಾಕಿದಾಗಲೆಲ್ಲ ಅವರು ಹತ್ತಿರದ ಸಂಬಂಧಿಕರು ತೀರಿಕೊಂಡಂತೆ ಕಣ್ಣು ಮುಚ್ಚುತ್ತಿದ್ದರು. “ಹೋತು ನೋಡ್ರಿ ಪಂಡಿತರ. ಅಷ್ಟೂ ಡೀಸೆಲ್ಲು ಬಿಸಿ ಆಗಿ ಹೋತು. ಯಾರಿಗೂ ಉಪಯೋಗ ಇಲ್ಲ.” ಕನ್ನಡ ಕಲಿಸುತ್ತೇನೆಂಬ ತಪ್ಪಿಗೆ ನನ್ನನ್ನು ಅವರು ಪಂಡಿತರೆಂದೇ ಕರೆಯುತ್ತಿದ್ದರು. ಇಳಕಲ್ಲು ಮುಟ್ಟುವಷ್ಟರಲ್ಲಿ ಇಂಥ ಹತ್ತು ಹನ್ನೆರಡು ಸಾವುಗಳಾಗುತ್ತಿದ್ದವು. ಒಮ್ಮೆ ಕಂಡಕ್ಟರು ಗಾಬರಿಯಾಗಿ, “ಸರ್ ಅವ್ರಿಗೆ ಎದಿ ಹಿಡದೈತೇನ್ರಿ?” ಎಂದು ನನ್ನನ್ನು ಕೇಳಿದ. “ಇಲ್ಲಪಾ, ಸೂತಕದಾಗ ಅದಾರ” ಎಂದೆ. ಅವನು ಟೊಪ್ಪಿಗೆ ತೆಗೆದು ಹಿಂದೆ ಹೋದ.

ಅವರ ಮನೆಯ ಮುಂದಿನ ಕೋಣೆಯಲ್ಲಿ ನೆಲದ ಕುಣಿಯೊಳಗೆ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗವಿತ್ತು. ಅವರ ಅಣ್ಣ ಸೀರೆ ನೇಯುತ್ತಿದ್ದರು. ನಾನು ಮೊದಲ ಸಲ ಹೋದ ದಿನ ಅವರು ಚಹ ಕೊಡುವ ಮೊದಲೇ ನನ್ನನ್ನು ಮಗ್ಗದ ಮುಂದೆ ಕೂಡಿಸಿದರು. ಅಣ್ಣನ ಕೈಯಲ್ಲಿ ಲಾಳಿ ಈ ಕಡೆಯಿಂದ ಆ ಕಡೆಗೆ ಟಪ್ಪೆಂದು ಓಡುತ್ತಿತ್ತು.

“ಲಾಳಿ ಹೊಟ್ಟಿ ಮುಟ್ಟಿ ನೋಡ್ರಿ.”

ಮುಟ್ಟಿದೆ. ಬೆಚ್ಚಗಿತ್ತು, ಸವೆದು ನುಣುಪಾಗಿತ್ತು.

“ಹಲಗಿ ಮ್ಯಾಲೆ ಉಜ್ಜಿ ಉಜ್ಜಿ ಹಂಗಾಗೇತಿ. ನಮ್ಮಪ್ಪನ ಕಾಲದಿಂದ ಎಷ್ಟು ಲಾಳಿ ಸವದಾವು, ಎಷ್ಟು ರಟ್ಟಿ ಸವದಾವು ಲೆಕ್ಕ ಇಲ್ಲ. ಈಗ ಹಿಂಗ ತಿಳೀರಿ. ಇದರ ಕೆಳಗ ಒಂದು ಎಳಿ ದಪ್ಪ ಗಾಳಿ ಐತಿ. ಲಾಳಿ ಹಲಗೀನ್ನ ಮುಟ್ಟಂಗೇ ಇಲ್ಲ. ಒಮ್ಮೆ ಹಗೂರಕ ದೂಡಿದ್ರ ಸಾಕು. ಲಾಳಿ ಜಾಗಾದಾಗ ರೈಲು ಇಡ್ರಿ. ಬಾದಾಮಿಯಾಗ ಹತ್ತಿದವ ಬಾಯಾಗಿನ ಅಡಿಕಿ ಮುಗಿಯೂದರಾಗ ಸೊಲ್ಲಾಪುರದಾಗ ಇಳಿತಾನ.”

“ತಮ್ಮಾ, ಮೊದಲ ಅವ್ರಿಗೆ ಚಾ ಕೊಡು” ಎಂದರು ಅಣ್ಣ. ಅವರು ಆ ರೈಲನ್ನು ಬಹಳ ಸಲ ಹತ್ತಿ ಇಳಿದಿದ್ದರೆಂದು ಕಾಣುತ್ತದೆ.

ವಿಷಯ ಇಷ್ಟೇ. ಅತಿವಾಹಕ ಎಂಬ ಪದಾರ್ಥಗಳಿವೆ. ಅವನ್ನು ಹಿಮಕ್ಕಿಂತ ಎಷ್ಟೋ ಪಾಲು ತಣ್ಣಗೆ ಮಾಡಿದರೆ ಅವುಗಳೊಳಗೆ ವಿದ್ಯುತ್ತಿಗೆ ಯಾವ ಅಡ್ಡಿಯೂ ಇರುವುದಿಲ್ಲ. ಅಷ್ಟೇ ಅಲ್ಲ, ಅಯಸ್ಕಾಂತವನ್ನು ಅವು ತಮ್ಮ ಮೈಮೇಲೆ ಕೂಡಗೊಡುವುದಿಲ್ಲ. ಗಾಳಿಯಲ್ಲೇ ತಡೆದು ನಿಲ್ಲಿಸುತ್ತವೆ. ಈ ಉಪಾಯದಿಂದ ಹಳಿ ಮುಟ್ಟದ ರೈಲುಗಳನ್ನು ಪರದೇಶದವರು ಓಡಿಸಿ ನೋಡುತ್ತಿದ್ದಾರೆ. ಇಳಕಲ್ಲಿಗೆ ಹಳಿ ಮುಟ್ಟುವ ರೈಲೇ ಇನ್ನೂ ಬಂದಿಲ್ಲ. ಒಬ್ಬ ವಿದ್ಯಾರ್ಥಿ ಈ ಮಾತನ್ನು ಎತ್ತಿ ಆಡಿದಾಗ ಅವರು, “ಹಳಿ ಇಲ್ಲದ ಊರಿಗೇ ಇದು ಸರಳ ಲೇ. ಕೀಳೋ ಕೆಲಸ ಉಳೀತು” ಎಂದಿದ್ದರು.

ತರಗತಿಯಲ್ಲಿ ಯಾರಾದರೂ ತೇಲುತ್ತದೆ ಎಂಬ ಪದ ಬಳಸಿದರೆ ಜೇಬಿನ ಕಾಲು ಹಾಳೆ ಹೊರಗೆ ಬರುತ್ತಿತ್ತು. “ತೇಲೋದು ಬಾಯಾಗ ಅಲ್ಲ. ಕೆಳಗ ಹಾಳಿ ತೂರಸಬೇಕು, ಆ ಕಡೆ ಹೊರಗ ಬರಬೇಕು. ಬಂದ್ರ ತೇಲೇತಿ. ಇಲ್ಲಾಂದ್ರ ಕುಂತೈತಿ.” ಮೇಜಿನ ಮೇಲಿನ ಡಸ್ಟರಿನ ಕೆಳಗೆ ಆ ಹಾಳೆಯನ್ನು ನುಗ್ಗಿಸಲು ನೋಡಿ, ನುಗ್ಗದೆ ಮಡಚಿಕೊಂಡಾಗ, “ಕುಂತೈತಿ” ಎಂದು ವಿಷಾದದಿಂದ ತೀರ್ಪು ಕೊಡುತ್ತಿದ್ದರು.

ಇನ್ನೊಂದು ಅಭ್ಯಾಸ. ಏನು ಕೈಗೆ ಬಂದರೂ ಮೊದಲು ಮೂಗಿಗೆ ಹಿಡಿಯುವರು. ಸೀಮೆಸುಣ್ಣ, ಉತ್ತರಪತ್ರಿಕೆ, ಮದುವೆಯ ಕರೆಯೋಲೆ, ಯಾವುದಾದರೂ ಸರಿ. ಪ್ರಯೋಗಾಲಯದಲ್ಲಿದ್ದ ಉಪಕರಣಗಳಲ್ಲಿ ಕೆಡದೆ ಉಳಿದದ್ದು ತಮ್ಮ ಮೂಗೊಂದೇ ಎಂದು ಹೇಳಿಕೊಳ್ಳುತ್ತಿದ್ದರು.

ಅವರ ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ಭೌತಶಾಸ್ತ್ರಕ್ಕೆ ಸೇರಿದವರು ಏಳೇ ಹುಡುಗರು. ಆಡಳಿತ ಮಂಡಳಿಯ ಅಧ್ಯಕ್ಷರು ಅವರನ್ನು ಕರೆಸಿದರು. ಜೊತೆಗೆ ನಾನೂ ಹೋದೆ.

“ಏಳು ಹುಡುಗ್ರ ಸಲುವಾಗಿ ಒಂದು ವಿಭಾಗ ಹೆಂಗ ನಡಸೂದ್ರಿ ಮಾಸ್ತರ? ಮುಂದಿನ ವರ್ಷದಿಂದ ಬಂದ್ ಮಾಡೂಣು ಅಂತ ಮಾಡೇವಿ.”

ಅವರು ಜೇಬಿನ ಕಾಲು ಹಾಳೆ ತೆಗೆದು ನೋಡಿ ಮತ್ತೆ ಒಳಗಿಟ್ಟುಕೊಂಡರು. ಆಮೇಲೆ, “ಒಮ್ಮೆ ತೇಲಿಸಿ ತೋರಸ್ತೇನ್ರಿ” ಎಂದರು. “ಊರಾಗಿನ ಪಿಯುಸಿ ಹುಡುಗ್ರನ್ನ ಎಲ್ಲಾ ಕರಸ್ರಿ. ಕಣ್ಣಾರೆ ನೋಡಿದ್ರ ಬರ್ತಾರ್ರಿ. ಬರಲಿಲ್ಲಾಂದ್ರ ಬೀಗದಕೈ ನಾನ ತಂದು ಕೊಡ್ತೇನಿ.”

ಅಧ್ಯಕ್ಷರು ಕಲ್ಲಿನ ವ್ಯಾಪಾರದವರು, ಕೆಟ್ಟವರಲ್ಲ. “ಆತು, ದಸರಾ ಆದ ಮ್ಯಾಲೆ ತೋರಸ್ರಿ. ತೇಲಿತಂದ್ರ ಇನ್ನೆರಡು ವರ್ಷ ನಡೀಲಿ” ಎಂದರು. ಹೀಗೆ ಒಂದು ವಿಭಾಗದ ಆಯುಷ್ಯ ಒಂದು ಕಪ್ಪು ಬಿಲ್ಲೆಯ ಮೇಲೆ ಬಂದು ನಿಂತಿತು.

ಆ ಬಿಲ್ಲೆ ಆಗಿನ್ನೂ ಹುಟ್ಟಿರಲಿಲ್ಲ. ಮೂರು ಬಗೆಯ ಪುಡಿ ತರಿಸಿ ಖಲಬತ್ತಿನಲ್ಲಿ ಅರೆದರು. ಅದರಲ್ಲೊಂದು ಇಲಿ ಪಾಷಾಣ ಎಂದು ಗೊತ್ತಾದ ಮೇಲೆ ನಾವ್ಯಾರೂ ಅವರ ಕೈಯಿಂದ ಚಹ ಇಸಿದುಕೊಳ್ಳಲಿಲ್ಲ. ಅರೆದದ್ದನ್ನು ಒತ್ತಿ, ಒಂದು ರೂಪಾಯಿ ನಾಣ್ಯದ ಅಗಲ ಮಾಡಿ, ಕೆಂಪಗೆ ಕಾದ ಕುಲುಮೆಯಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. ಅಂಥ ಕುಲುಮೆ ಬಾಗಲಕೋಟೆಯಲ್ಲಿ ಕೃತಕ ಹಲ್ಲು ಮಾಡುವ ಒಬ್ಬರ ಹತ್ತಿರ ಸಿಕ್ಕಿತು. ಪ್ರತಿ ಭಾನುವಾರ ಅವರು ಹಲ್ಲು ಬೇಯಿಸಿ ಮುಗಿಸಿದ ಮೇಲೆ ಇವರ ಬಿಲ್ಲೆ ಒಳಗೆ ಹೋಗುತ್ತಿತ್ತು. ಬೆಸುಗೆಯ ಅಂಗಡಿಯಿಂದ ಆಮ್ಲಜನಕದ ಸಿಲಿಂಡರು. ಒಂದು ಭಾನುವಾರ ಮರೆತು ಒಳಗೇ ಉಳಿದ ಯಾರದೋ ಮುಂದಿನ ಎರಡು ಹಲ್ಲು ಬೂದು ಬಣ್ಣಕ್ಕೆ ತಿರುಗಿದವು. ವಿಜ್ಞಾನಕ್ಕಾಗಿ ಆದ ಆ ತ್ಯಾಗದ ಸುದ್ದಿ ಹಲ್ಲಿನ ಯಜಮಾನರಿಗೆ ಮುಟ್ಟಲಿಲ್ಲ, ಹೊಸವನ್ನು ಮಾಡಿಕೊಟ್ಟರು.

ಹನ್ನೊಂದು ಬಿಲ್ಲೆ ಸೀಳಿದವು, ಇಲ್ಲವೆ ಹಸಿರಾದವು. ಒಂದೊಂದಕ್ಕೂ ಚೀಟಿ ಬರೆದು ಇಡುವರು: ನಂಬರು, ಬೇಯಿಸಿದ ವಿವರ, ಷರಾ. ಹನ್ನೆರಡನೆಯದು ಒಡೆಯದೆ, ಕರ್ರಗೆ, ಬಡಿದರೆ ಕಂಚಿನಂತೆ ಸದ್ದು ಮಾಡುತ್ತ ಹೊರಗೆ ಬಂತು. ಅದನ್ನು ಅಡಿಕೆ ಡಬ್ಬಿಯಲ್ಲಿಟ್ಟು, ಬೂಟಿನ ಪೆಟ್ಟಿಗೆಗಳಲ್ಲಿ ಬರುತ್ತವಲ್ಲ, ಆ ಹರಳಿನ ಪೊಟ್ಟಣಗಳನ್ನು ಸುತ್ತಲೂ ತುರುಕಿದರು. ಜಿರಳೆ ಬರದಿರಲಿ ಎಂದು ಇಟ್ಟಿದ್ದಾರೆಂದು ನಾನು ತಿಳಿದೆ. ಕೇಳಿದ್ದರೆ, ಇದಕ್ಕೆ ನೀರಿನ ಪಸೆಯೂ ತಾಗಬಾರದು ಎಂದು ಹೇಳುತ್ತಿದ್ದರು. ನಾನು ಕೇಳಿದ್ದು ಬೇರೆ ಪ್ರಶ್ನೆ: “ಇದರಾಗ ಏನೇನೈತ್ರಿ?”

“ಭಾಳ ಪಾಲು ತಾಮ್ರನ ಐತ್ರಿ ಪಂಡಿತರ” ಎಂದರು.

ತಣ್ಣಗೆ ಮಾಡಲು ದ್ರವ ಸಾರಜನಕ ಬೇಕು. ಅದು ನಮ್ಮ ಕಡೆ ಇರುವುದು ಒಂದೇ ಕಡೆ, ದನದ ದವಾಖಾನೆಯಲ್ಲಿ. ಉತ್ತಮ ತಳಿಯ ಹೋರಿಗಳ ಬೀಜವನ್ನು ಕೆಡದಂತೆ ಇಡಲು ದೊಡ್ಡ ಜಾಡಿಯಲ್ಲಿ ತುಂಬಿಸಿಟ್ಟಿರುತ್ತಾರೆ. ಹುನಗುಂದದ ದವಾಖಾನೆಯಲ್ಲಿ ಆ ಜಾಡಿಯ ಉಸ್ತುವಾರಿ ಮೌಲಾಸಾಬರದು. ಅವರು ಮುಲಾಜಿಲ್ಲದೆ ಕೇಳಿದರು: “ಸರ್, ಇದು ಆಕಳಾ ಎಮ್ಮಿ ಸಲುವಾಗಿ ಸರ್ಕಾರ ಕೊಟ್ಟಿದ್ದು. ನಿಮ್ಮ ರೈಲಿಗೆ ಕೊಟ್ಟೆ ಅಂತ ರಜಿಸ್ಟರಿನ್ಯಾಗ ಹೆಂಗ ಬರೀಲಿ?”

“ಆವಿ ಆಗಿ ಹೋತು ಅಂತ ಬರೀರಿ. ಖರೇನ ಆವಿ ಆಕ್ಕೈತಿ.”

ಮೌಲಾಸಾಬರು ನಕ್ಕುಬಿಟ್ಟರು. ಆಮೇಲೆ ಅವರೂ ಈ ಹುಚ್ಚಿನ ಪಾಲುದಾರರಾದರು.

ಆಯುಧಪೂಜೆಗೆ ನಮ್ಮ ಕಡೆ ಖಂಡೆಪೂಜೆ ಎನ್ನುತ್ತಾರೆ. ಕಾಲೇಜಿನ ಖಂಡೆಪೂಜೆಗೆ ಸಂಚಾಲಕ ಪ್ರತಿವರ್ಷವೂ ನಾನೇ. ಪೂಜೆಯ ಹಿಂದಿನ ದಿನ ಮಧ್ಯಾಹ್ನ ಅವರು ಪ್ರಯೋಗಾಲಯದ ಬೀಗದಕೈ ತಂದು ನನ್ನ ಕೈಯಲ್ಲಿಟ್ಟರು. “ನಾ ಈಗ ಹುನಗುಂದಕ್ಕ ಹೊಂಟೇನಿ, ಜಾಡಿದು ಪಕ್ಕಾ ಮಾಡಬೇಕು. ಎರಡು ದಿನ ಅಲ್ಲೇ ಇರ್ತೇನಿ. ಲ್ಯಾಬಿನ ಪೂಜಿ ನಿಮ್ಮದ.” ಹೋಗಲು ಎದ್ದವರು ಮತ್ತೆ ಕೂತರು. ಕಣ್ಣ ಕೆಳಗೆ ಕಪ್ಪಾಗಿತ್ತು. ಊಟ ಬಿಟ್ಟು ಎಷ್ಟು ದಿನವಾಗಿತ್ತೋ.

“ಒಂದು ಮಾತು ಹೇಳ್ತೇನಿ, ನಗಬ್ಯಾಡ್ರಿ. ನಾನೂ ಅದನ್ನ ನೋಡಿಲ್ಲ.”

“ಯಾವುದನ್ನ?”

“ತೇಲೋದನ್ನ. ಓದೇನಿ, ಗಣಿತ ಮಾಡೇನಿ. ಮೂವತ್ತು ವರ್ಷ ತೇಲತೈತಿ, ತೇಲತೈತಿ ಅಂತ ಹುಡುಗ್ರಿಗೆ ಹೇಳೇನಿ. ಕಣ್ಣಿಲೆ ಕಂಡಿಲ್ಲ.”

“ಮೊಬೈಲಿನಾಗ ಬರತೈತಲ್ರಿ, ಮೊನ್ನೆ ನೀವ ತೋರಿಸಿದ್ರಿ.”

“ಮೊಬೈಲಿನಾಗ ಎಲ್ಲಾ ತೇಲತೈತಿ” ಎಂದರು. “ದಸರಾ ಮರುದಿನ ಇದು ಕುಂತ್ರ, ನಾ ಮೂವತ್ತು ವರ್ಷ ಕೇಳಿದ್ದನ್ನ ಹೇಳಿದಂಗ ಆತು ಪಂಡಿತರ. ಕಂಡದ್ದನ್ನಲ್ಲ.”

ಆ ಮಾತು ನನ್ನನ್ನು ತಟ್ಟಿತು. ಅದಕ್ಕೇ ಅಂದು ಸಂಜೆ ನಾನು ಪ್ರಯೋಗಾಲಯದಲ್ಲಿ ಎಂದೂ ಇಲ್ಲದ ಶ್ರದ್ಧೆಯಿಂದ ಕೆಲಸಕ್ಕೆ ನಿಂತೆ. ಶಾಖ ಅಳೆಯುವ ತಾಮ್ರದ ಕೆಲೊರಿಮೀಟರುಗಳನ್ನು ಪ್ರತಿವರ್ಷದಂತೆ ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿದೆ. ಆಗ ಡಬ್ಬಿ ಕಣ್ಣಿಗೆ ಬಿತ್ತು. ಈ ವರ್ಷ ಎಲ್ಲಕ್ಕಿಂತ ಮೊದಲು ಪೂಜೆ ಸಲ್ಲಬೇಕಾದದ್ದು ಯಾವುದಕ್ಕೆ? ಬಿಲ್ಲೆ ಹೊರಗೆ ತೆಗೆದೆ. ಮಸಿ ಬಳಿದಂತೆ ಕರ್ರಗಿತ್ತು. ಭಾಳ ಪಾಲು ತಾಮ್ರ ಎಂದಿದ್ದರು. ತಾಮ್ರ ಕಪ್ಪಾದರೆ ಏನು ಮಾಡಬೇಕೆಂದು ನಮ್ಮ ಕಡೆಯ ಯಾವ ಮನೆಯಲ್ಲೂ ಹೇಳಿಕೊಡಬೇಕಾಗಿಲ್ಲ. ಅದನ್ನೂ ಹುಣಸೆ ನೀರಿನಲ್ಲಿ ಬಿಟ್ಟೆ.

ಮರುದಿನ ಬೆಳಗ್ಗೆ ಕೆಲೊರಿಮೀಟರುಗಳು ಉದಯರವಿಯಂತೆ ಹೊಳೆದವು. ಬಿಲ್ಲೆ ಹೊಳೆಯಲಿಲ್ಲ, ಒಂದಿಷ್ಟು ಹಸಿರಿಗೆ ತಿರುಗಿತ್ತು. ನಾಚಿಕೆಯ ಸ್ವಭಾವದ ತಾಮ್ರವಿರಬಹುದು ಎಂದುಕೊಂಡೆ. ತೊಳೆದು, ಒರೆಸಿ, ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಕರ್ಪೂರ ಬೆಳಗಿ, ಈ ಸಂಸ್ಥೆಯ ಒಂದು ವಿಭಾಗವನ್ನು ಕಾಪಾಡು ಎಂದು ಮನಸಾರೆ ಕೈಮುಗಿದು, ಮತ್ತೆ ಒರೆಸಿ ಡಬ್ಬಿಯಲ್ಲಿಟ್ಟೆ. ಎಷ್ಟೋ ವರ್ಷಗಳಲ್ಲಿ ನಾನು ಮಾಡಿದ ಅತ್ಯಂತ ಪ್ರಾಮಾಣಿಕ ಪೂಜೆ ಅದು.

ಪ್ರದರ್ಶನದ ದಿನ ಸಭಾಭವನ ತುಂಬಿತ್ತು. ಪಿಯುಸಿ ಹುಡುಗರು ಕಿಟಕಿಯ ಮೇಲೆಲ್ಲ ಕೂತಿದ್ದರು. ಮೌಲಾಸಾಬರು ಜಾಡಿಯನ್ನು ಮದುಮಗನ ಗೆಳೆಯನಂತೆ ತಬ್ಬಿಕೊಂಡು ಬಂದರು. ಹಾಳೆಯಲ್ಲಿ ಕತ್ತರಿಸಿದ ಪುಟ್ಟ ಲಾಳಿಯನ್ನು ಕುಂಕುಮದ ಬೊಟ್ಟಿನಷ್ಟು ಅಗಲದ ಅಯಸ್ಕಾಂತಕ್ಕೆ ಅಂಟಿಸಿದ್ದರು. ಅದು ಅಂದಿನ ರೈಲು. ಮಾಸ್ತರರು ಡಬ್ಬಿ ತೆಗೆದರು. ಬಿಲ್ಲೆಯನ್ನು ಎತ್ತಿ, ರೂಢಿಯಂತೆ, ಮೂಗಿಗೆ ಹಿಡಿದರು.

ಹಾಗೇ ನಿಂತರು. ಹಿಡಿದ ಕೈ ಮೂಗಿನ ಹತ್ತಿರವೇ ಉಳಿಯಿತು. ಮೊದಲ ಸಾಲಿನಲ್ಲಿದ್ದ ನಾನು, ಯಾಕೆಂದು ತಿಳಿಯದೆ, ನನ್ನ ಬೆರಳು ಮೂಸಿದೆ. ಮೂರನೆಯ ದಿನವಾದರೂ ಹುಣಸೆಯ ಹುಳಿ ಇನ್ನೂ ಇತ್ತು.

ಅವರು ನನ್ನ ಕಡೆ ನೋಡಲಿಲ್ಲ. ಅದನ್ನು ನಾನು ಬಹಳ ಸಲ ನೆನೆದಿದ್ದೇನೆ. ಇನ್ನೂರು ಮುಖಗಳಿದ್ದವು, ಅವರು ಎಲ್ಲವನ್ನೂ ನೋಡಿದರು, ನನ್ನದೊಂದನ್ನು ಬಿಟ್ಟು. ಆಮೇಲೆ ಬಿಲ್ಲೆಯನ್ನು ಥರ್ಮಾಕೋಲಿನ ಬಟ್ಟಲಲ್ಲಿಟ್ಟು, “ಹಾಕ್ರಿ ಮೌಲಾಸಾಬ” ಎಂದರು. ಬಿಳಿ ಹೊಗೆ ಎದ್ದಿತು. ಹುಡುಗರು ಸೀಟಿ ಹೊಡೆದರು. ಕುದಿತ ನಿಂತ ಮೇಲೆ ಅವರು ಅಯಸ್ಕಾಂತವನ್ನು ಚಿಮಟಿಯಿಂದ ಇಳಿಬಿಟ್ಟರು.

ಅದು ಕೂತಿತು.

ಎತ್ತಿ ಮತ್ತೊಮ್ಮೆ ಬಿಟ್ಟರು. ಇನ್ನಷ್ಟು ಸುರಿಸಿ ಮತ್ತೊಮ್ಮೆ. ಆರು ಏಳು ಸಲ. ಕೊನೆಗೆ ಜೇಬಿನಿಂದ ಕಾಲು ಹಾಳೆ ತೆಗೆದು ಕೆಳಗೆ ತೂರಿಸಲು ನೋಡಿದರು. ಬೇಕಾಗಿರಲಿಲ್ಲ, ಎಲ್ಲರಿಗೂ ಕಾಣುತ್ತಿತ್ತು. ಹಾಳೆ ಮಡಚಿಕೊಂಡಿತು. ಹಿಂದಿನ ಸಾಲಿನಿಂದ ಯಾವನೋ, “ಸರ್, ರೈಲು ಲೇಟ್ ಐತ್ರಿ” ಎಂದ. ಸಭೆ ನಕ್ಕಿತು.

“ನನ್ನದ ತಪ್ಪೈತ್ರಿ” ಎಂದರು ಅವರು ಅಧ್ಯಕ್ಷರಿಗೆ. “ಬೇಯಿಸೂದರಾಗ ಹೆಚ್ಚುಕಡಿಮಿ ಆಗೇತಿ.”

ನಾನು ಎದ್ದು ನಿಂತೆ. ಮತ್ತೆ ಕೂತೆ. ಎಲ್ಲರೂ ಏಳುತ್ತಿದ್ದರಿಂದ ನನ್ನ ಏಳುವಿಕೆಗೆ ಅರ್ಥವೂ ಉಳಿದಿರಲಿಲ್ಲ.

ಬೀಗದಕೈಯನ್ನು ಹೇಳಿದಂತೆ ಅವರೇ ಒಯ್ದು ಕೊಟ್ಟರು. ಪ್ರಯೋಗಾಲಯ ಬೀಕಾಂ ಹುಡುಗರ ಕಂಪ್ಯೂಟರು ಕೋಣೆಯಾಯಿತು. ನನ್ನ ಕೈಯಲ್ಲಿ ಹೊಳೆದ ಕೆಲೊರಿಮೀಟರುಗಳು ಗುಜರಿಗೆ ಹೋದವು. ಉಳಿದೆರಡು ವರ್ಷ ಅವರು ಬಿಎ ಹುಡುಗರಿಗೆ ಪರಿಸರ ಅಧ್ಯಯನ ಹೇಳಿ ನಿವೃತ್ತರಾದರು. ಬಸ್ಸಿನಲ್ಲಿ ಬ್ರೇಕು ಹಾಕಿದರೆ ಈಗ ಕಣ್ಣು ಮುಚ್ಚುತ್ತಿರಲಿಲ್ಲ. ಹೊರಗೆ ನೋಡುತ್ತ ಕೂತಿರುತ್ತಿದ್ದರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಒಂದೊಂದು ಸಲ ಮುಂದಿನ ನಿಲ್ದಾಣದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುತ್ತಿದ್ದೆ.

ಹೇಳಿಬಿಡಬೇಕೆಂದು ಮೂರು ಸಲ ಅವರ ಮನೆಗೆ ಹೋದೆ. ಒಂದು ಸಲವಂತೂ ಪೀಠಿಕೆಯನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಮನುಷ್ಯ, ಶ್ರದ್ಧೆ, ಅಜ್ಞಾನ ಎಂದು ಪೀಠಿಕೆ ಮುಂದುವರಿದಾಗ ಅವರು ನಡುವೆ ಬಾಯಿ ಹಾಕಿ, “ಬಿಡ್ರಿ ಪಂಡಿತರ, ಚಾ ಆರತೈತಿ” ಎಂದರು. ಚಹ ಕುಡಿದು ಬಂದೆ. ಆಮೇಲೆ ನನಗೊಂದು ಸಮಾಧಾನ ಸಿಕ್ಕಿತು: ಹನ್ನೊಂದು ಕೆಟ್ಟಿದ್ದವಲ್ಲ, ಹನ್ನೆರಡನೆಯದೂ ಮೊದಲೇ ಕೆಟ್ಟಿರಬಹುದು. ಆ ಸಮಾಧಾನವನ್ನು ನಾಲ್ಕು ವರ್ಷ ಜೋಪಾನ ಮಾಡಿದೆ.

ಅವರು ಎದೆನೋವಿನಿಂದ ಹೋದರು. ಮಗ್ಗದ ಪಕ್ಕದಲ್ಲಿ ಕೂತವರು ಹಾಗೇ ವಾಲಿದರಂತೆ. ಶ್ರದ್ಧಾಂಜಲಿಯ ಮರುದಿನ ಮಾತಾಡಿಸಲು ಹೋದಾಗ ಅವರ ಹೆಂಡತಿ ಅಡಿಕೆ ಡಬ್ಬಿ ತಂದು ನನ್ನ ಮುಂದಿಟ್ಟರು.

“ಇದನ್ನ ನಿಮಗ ಕೊಡು ಅಂತ ಹೇಳಿದ್ರು. ಮತ್ತ ಅರದು, ಬಾಗಲಕೋಟಿಗೆ ಒಯ್ದು ಬೇಯಿಸಿಕೊಂಡ ಬಂದಿದ್ರು.”

“ಯಾವಾಗ್ರಿ ವೈನಿ?”

“ರಿಟಾಯರ್ ಆದ ವರ್ಷ. ತೇಲಿಸಿ ನೋಡ್ರೆಲಾ ಅಂತ ನಾನ ಅಂದೆ. ‘ತೇಲಿತಂದ್ರ ಒಬ್ಬರಿಗೆ ಭಾಳ ತ್ರಾಸ ಆಕ್ಕೈತಿ, ಬಿಡು’ ಅಂದ್ರು.” ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನೇ ಕೇಳಿದರು: “ನೀವು ಅವ್ರ ಜೋಡಿ ಇದ್ದವರು. ಅದು ತೇಲಿದ್ರ ಯಾರಿಗ್ರಿ ತ್ರಾಸ?”

ನಾನು ಡಬ್ಬಿ ತೆಗೆದೆ. ಪೊಟ್ಟಣಗಳ ನಡುವೆ ಬಿಲ್ಲೆ ಕರ್ರಗಿತ್ತು, ಪಕ್ಕದಲ್ಲಿ ಅಂದಿನ ಲಾಳಿ ಅಂಟಿಸಿದ ಅಯಸ್ಕಾಂತ. ಮೇಲೆ ಚೀಟಿ, ಅವರದೇ ಅಕ್ಷರ: ‘ನಂ. ೧೨. ಹುಣಸೆ ಹುಳಿ ತಗಲಿದ್ದು. ಅರೆದು ಮತ್ತೆ ಬೇಯಿಸಿದ್ದು. ಷರಾ: ನೋಡಿಲ್ಲ.’

“ಗೊತ್ತಿಲ್ರಿ ವೈನಿ” ಎಂದೆ.

ಹದಿನೈದು ದಿನ ತಡೆದೆ. ಆಮೇಲೆ ಹುನಗುಂದಕ್ಕೆ ಹೋದೆ. ಮೌಲಾಸಾಬರ ತಲೆ ಪೂರ್ತಿ ಬೆಳ್ಳಗಾಗಿದೆ. ಡಬ್ಬಿ ನೋಡಿದವರೇ ಒಳಗೆ ಹೋದರು. ದವಾಖಾನೆಯ ಅಂಗಳಕ್ಕೆ ಜಾಡಿ ತಂದರು. ಎಮ್ಮೆಯೊಂದನ್ನು ಕಟ್ಟಿಕೊಂಡು ಒಬ್ಬರು ಸರದಿ ಕಾಯುತ್ತಿದ್ದರು. ಬಿಸಿಲು ಜೋರಾಗಿತ್ತು.

ಮೌಲಾಸಾಬರು ಸುರಿದರು. ಹೊಗೆ ಎದ್ದು ನೆಲದ ಮೇಲೆ ಹರಿಯಿತು. ಕುದಿತ ನಿಲ್ಲುವವರೆಗೆ ನಾನು ಆ ಬಿಲ್ಲೆಯ ಮುಂದೆ ಎರಡನೆಯ ಸಲ ಬೇಡಿಕೊಂಡೆ. ಮೊದಲ ಸಲ ತೇಲಲಿ ಎಂದು. ಈ ಸಲ ಬೇಡ ಎಂದು. ಇದು ಕೂತರೆ ಅಂದು ಕೆಡಿಸಿದ ಕೈ ಅವರದು. ತೇಲಿದರೆ ನನ್ನದು.

ಚಿಮಟಿ ಬಿಟ್ಟೆ. ಅಯಸ್ಕಾಂತ ಕೆಳಗೆ ಬರಲಿಲ್ಲ. ನಡುದಾರಿಯಲ್ಲೇ ನಿಂತು, ಒಂದು ಸಲ ಅಲುಗಿ, ಮೆಲ್ಲಗೆ ಸುತ್ತತೊಡಗಿತು. ಕಾಗದದ ಲಾಳಿ ಹಳದಿಯಾಗಿತ್ತು.

“ಯಾ ಅಲ್ಲಾ” ಎಂದರು ಮೌಲಾಸಾಬರು, ಮೆಲ್ಲಗೆ.

ಎಮ್ಮೆಯವರು ಬಗ್ಗಿ ನೋಡಿದರು. “ಏನ್ರಿ ಅದು?”

“ರೈಲು” ಎಂದರು ಮೌಲಾಸಾಬರು.

ನನ್ನ ಹತ್ತಿರ ಬೇರೆ ಕಾಗದವಿರಲಿಲ್ಲ. ಅವರ ಚೀಟಿಯನ್ನೇ ಬಿಡಿಸಿ, ಹುಣಸೆ ಹುಳಿ ತಗಲಿದ್ದು ಎಂಬ ಅಕ್ಷರ ಮೇಲೆ ಮಾಡಿ, ಈ ಕಡೆಯಿಂದ ಕೆಳಗೆ ತೂರಿಸಿದೆ. ಎಲ್ಲೂ ತಡೆಯದೆ ಆ ಕಡೆ ಹೊರಗೆ ಬಂತು.